ಅಗ್ನಿಶಾಮಕ ಸೇವೆಗೆ ಸೇರುವುದು ಹೇಗೆ? ವೇದಸಂದೂರು ಸುತ್ತಿನ ಕನ್ನಡ ಯುವಜನರಿಗೆ ಒಂದು ಕೈದೀವಿಗೆ

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ವೇದಸಂದೂರು, ಎರಿಯೋಡು, ವಡಮದುರೈ ಸುತ್ತಿನ ಕನ್ನಡ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಹುಡುಗ ಮುಂದೆ ಓದಬೇಕೋ, ನೂಲಿನ ಗಿರಣಿಗೆ ಹೋಗಬೇಕೋ? ಈ ಎರಡರ ನಡುವೆ ಮೂರನೆಯ ದಾರಿಯೊಂದು ಇದೆ. ಹತ್ತನೆಯ ತರಗತಿಯ ತೇರ್ಗಡೆಯನ್ನಷ್ಟೇ ಕನಿಷ್ಠ ವಿದ್ಯಾರ್ಹತೆಯಾಗಿ ಕೇಳುವ, ಸರ್ಕಾರಿ ವೇತನವುಳ್ಳ, ಊರಿಗೆ ಗೌರವ ತರುವ ಕೆಲಸ ಅದು. ಅಗ್ನಿಶಾಮಕ ಮತ್ತು ರಕ್ಷಣಾ ಸೇವೆಯ ಈ ದಾರಿಯ ಕುರಿತು ಓದುಗರು ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಒಂದೇ ಕಡೆ ಉತ್ತರ ದೊರೆಯಲೆಂದು ಈ ಮಾಹಿತಿ ಲೇಖನವನ್ನು ಸಿದ್ಧಪಡಿಸಿದ್ದೇವೆ.

ಮೊದಲಿಗೆ ಒಂದು ವಿನಂತಿ. ದಿಂಡುಕ್ಕಲ್, ತೇನಿ ಜಿಲ್ಲೆಗಳ ಮತ್ತು ಕಂಬಂ ಕಣಿವೆಯ ಒಕ್ಕಲಿಗ ಕಾಪಿಲಿಯರು, ಅನುಪ್ಪರು, ದೇವಾಂಗರು ಮೊದಲಾದವರ ಮನೆಗಳಲ್ಲಿ ಕನ್ನಡ ಉಳಿದಿರುವುದು ನಾಲಿಗೆಯ ಮೇಲೆ. ಮಕ್ಕಳ ಅಕ್ಷರವಾದರೋ ತಮಿಳು. ಆದ್ದರಿಂದ ಕನ್ನಡ ಲಿಪಿ ಬಲ್ಲ ಹಿರಿಯರು ಇದನ್ನು ಮನೆಯ ಮಕ್ಕಳಿಗೆ ಓದಿ ಹೇಳಬೇಕೆಂದು ಕೋರುತ್ತೇವೆ. ಈ ಉದ್ಯೋಗದ ಬಾಗಿಲಲ್ಲಿ ಹಣಕ್ಕಿಂತ ಮಾಹಿತಿಯ ಕೊರತೆಯೇ ನಮ್ಮ ಮಕ್ಕಳನ್ನು ಹೆಚ್ಚು ತಡೆಯುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಬೆಂಕಿಗಿಂತ ದೊಡ್ಡ ಕೆಲಸ

ತಮಿಳುನಾಡಿನಲ್ಲಿ ಈ ಸೇವೆಗೆ ಆಧಾರವಾಗಿರುವುದು 1985ರ ಅಗ್ನಿಶಾಮಕ ಸೇವಾ ಕಾಯ್ದೆ. ಇಲಾಖೆಯ ಹೆಸರಿನಲ್ಲಿ ‘ರಕ್ಷಣೆ’ ಎಂಬ ಪದ ಸೇರಿರುವುದು ಅಲಂಕಾರಕ್ಕಲ್ಲ. 101ಕ್ಕೆ ಕರೆ ಬಂದಾಗ ಠಾಣೆಯ ವಾಹನ ಹೊರಡುವುದು ಬೆಂಕಿಗೆ ಮಾತ್ರವಲ್ಲ. ಬಾವಿಗೆ ಬಿದ್ದ ಹಸುವಿಗೆ, ಹೆದ್ದಾರಿಯಲ್ಲಿ ನಜ್ಜುಗುಜ್ಜಾದ ವಾಹನದೊಳಗೆ ಸಿಲುಕಿದ ಪ್ರಯಾಣಿಕನಿಗೆ, ಮನೆಯೊಳಗೆ ನುಗ್ಗಿದ ಹಾವಿಗೆ, ಶಾಲೆಯ ಮರದಲ್ಲಿ ಕಟ್ಟಿದ ಹೆಜ್ಜೇನಿಗೆ, ನೆರೆಯಲ್ಲಿ ಸಿಕ್ಕಿಕೊಂಡ ಕುಟುಂಬಕ್ಕೆ, ಎಲ್ಲಕ್ಕೂ ಅದೇ ವಾಹನ, ಅದೇ ಜನ.

ನಮ್ಮ ಸೀಮೆಯ ಅಪಾಯಗಳನ್ನೇ ನೋಡೋಣ. ವೇದಸಂದೂರು ಸುತ್ತಿನದು ನೂಲಿನ ಗಿರಣಿಗಳ ಪ್ರದೇಶ. ಹತ್ತಿಯ ಬೇಲಿನಲ್ಲಿ ಸೇರಿಕೊಂಡ ಸಣ್ಣ ಲೋಹದ ಚೂರು ಬ್ಲೋ ರೂಮಿನ ಯಂತ್ರಕ್ಕೆ ತಗುಲಿದರೆ ಕಿಡಿ ಹಾರುತ್ತದೆ. ಆ ಕಿಡಿ ಕೊಳವೆಗಳ ಮೂಲಕ ಹತ್ತಿಯೊಡನೆ ಸಾಗಿ ಇನ್ನೊಂದು ಕೋಣೆಯಲ್ಲಿ ಹೊತ್ತಿಕೊಳ್ಳುತ್ತದೆ. ಒತ್ತಿ ಕಟ್ಟಿದ ಬೇಲಿನ ಬೆಂಕಿ ಇನ್ನೂ ಕಪಟಿ. ಮೇಲೆ ನೀರು ಸುರಿದರೆ ಆರಿದಂತೆ ಕಾಣುತ್ತದೆ, ಒಳಗೆ ಗಂಟೆಗಟ್ಟಲೆ ಕನಲುತ್ತಿರುತ್ತದೆ. ಬೇಲನ್ನು ಹೊರಗೆ ತಂದು, ಬಿಚ್ಚಿ, ಪದರ ಪದರವಾಗಿ ನೆನೆಸಿದರೆ ಮಾತ್ರ ಅದು ನಿಜವಾಗಿ ಆರುವುದು. ಗಿರಣಿಯಲ್ಲಿ ಕೆಲಸ ಮಾಡಿದ ಹುಡುಗನಿಗೆ ಇದು ಮೊದಲೇ ಗೊತ್ತಿರುತ್ತದೆ. ಠಾಣೆಯಲ್ಲಿ ಅದು ಬೆಲೆಬಾಳುವ ಅರಿವು.

ಎರಡನೆಯದು ಬಾವಿ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ತೆರೆದ ಬಾವಿಗಳು ಆಳ, ಕಟ್ಟೆಗಳು ಗಿಡ್ಡ. ಹಳೆಯ ಬಾವಿಯ ತಳದಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು. ಆಳದಲ್ಲಿ ಇರಿಸಿದ ಡೀಸೆಲ್ ಎಂಜಿನ್ನಿನ ಹೊಗೆಯಿಂದ ಕಾರ್ಬನ್ ಮಾನಾಕ್ಸೈಡ್ ತುಂಬಿರಬಹುದು. ಇಳಿದವನು ಕುಸಿದಾಗ ಅವನನ್ನು ಎತ್ತಲು ಅಣ್ಣನೋ ತಮ್ಮನೋ ಹಾಗೆಯೇ ಇಳಿಯುತ್ತಾನೆ. ಒಂದು ಸಾವು ಎರಡಾಗುವುದು ಹೀಗೆ. ದೀಪ ಇಳಿಸಿ ನೋಡುವ ಹಿರಿಯರ ಪದ್ಧತಿ ಆಮ್ಲಜನಕದ ಕೊರತೆಯನ್ನು ತೋರಿಸೀತು, ಆದರೆ ಕಾರ್ಬನ್ ಮಾನಾಕ್ಸೈಡನ್ನು ತೋರಿಸದು. ಉಸಿರಾಟದ ಉಪಕರಣ ಧರಿಸಿ, ಸೊಂಟಕ್ಕೆ ಹಗ್ಗ ಬಿಗಿದು, ಮೇಲೆ ಹಗ್ಗ ಹಿಡಿದವರ ಮೇಲೆ ನಂಬಿಕೆಯಿಟ್ಟು ಇಳಿಯುವುದೇ ಅಗ್ನಿಶಾಮಕ ಸಿಬ್ಬಂದಿಯ ವಿದ್ಯೆ.

ದೊಡ್ಡ ದುರಂತಗಳೂ ನಮ್ಮಿಂದ ದೂರವಿಲ್ಲ. 1977ರ ನೆರೆಯಲ್ಲಿ ಕುಡಗನಾರು ಅಣೆಕಟ್ಟು ಒಡೆಯಿತು. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಬೋಡಿನಾಯಕನೂರು ಬಳಿಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಲುಕಿದ ಚಾರಣಿಗರಲ್ಲಿ 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 2024ರ ಡಿಸೆಂಬರ್ 12ರ ರಾತ್ರಿ ದಿಂಡುಕ್ಕಲ್ ನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಬೆಂಕಿ ಎದ್ದಾಗ, ಒಂದು ಮಗುವೂ ಸೇರಿ 6 ಮಂದಿ ಸತ್ತರು. ಲಿಫ್ಟಿನೊಳಗೆ ಸಿಲುಕಿದವರೂ ಅವರಲ್ಲಿ ಇದ್ದರು. ಕಟ್ಟಡಗಳಲ್ಲಿ ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ ಎಂಬುದನ್ನು ಇಂತಹ ಘಟನೆಗಳು ಮತ್ತೆ ಮತ್ತೆ ನೆನಪಿಸುತ್ತವೆ. ಇದನ್ನೆಲ್ಲ ಹೇಳುವುದು ಹೆದರಿಸಲಿಕ್ಕಲ್ಲ. ಯಾವ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇವೆಂಬುದು ಅರ್ಜಿದಾರನಿಗೂ ಅವನ ತಾಯಿತಂದೆಗೂ ಮೊದಲೇ ತಿಳಿದಿರಬೇಕು.

ಮೂರು ಪ್ರವೇಶದ್ವಾರಗಳು

ರಾಜ್ಯದ ಅಗ್ನಿಶಾಮಕ ಇಲಾಖೆಗೆ ನೇರವಾಗಿ ಸೇರಲು ಮೂರು ಹಂತಗಳಿವೆ.

ಮೊದಲನೆಯದು ಫೈರ್‌ಮನ್ ಹುದ್ದೆ. ತಮಿಳಿನಲ್ಲಿ ಇದನ್ನು ‘ತೀಯಣೈಪ್ಪಾಳರ್’ ಎನ್ನುತ್ತಾರೆ. ಇದಕ್ಕೆ ಇಲಾಖೆ ತಾನೇ ಅರ್ಜಿ ಕರೆಯುವುದಿಲ್ಲ. ತಮಿಳುನಾಡು ಸಮವಸ್ತ್ರ ಸೇವೆಗಳ ನೇಮಕಾತಿ ಮಂಡಳಿಯು ಎರಡನೇ ದರ್ಜೆಯ ಪೊಲೀಸ್ ಕಾನ್‌ಸ್ಟೆಬಲ್, ಸೆರೆಮನೆಯ ವಾರ್ಡರ್ ಮತ್ತು ಫೈರ್‌ಮನ್ ಹುದ್ದೆಗಳಿಗೆ ಒಂದೇ ಸಾಮಾನ್ಯ ಪರೀಕ್ಷೆ ನಡೆಸುತ್ತದೆ. 2022ರ ಅಧಿಸೂಚನೆಯ 3,552 ಹುದ್ದೆಗಳಲ್ಲಿ ಫೈರ್‌ಮನ್ ಹುದ್ದೆಗಳು 120. 2023ರ 3,359ರಲ್ಲಿ 674. 2025ರ 3,644ರಲ್ಲಿ 631. ಈ ಅಂಕಿಗಳಿಂದ ಎರಡು ವಿಷಯ ತಿಳಿಯಬೇಕು. ಹುದ್ದೆಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುತ್ತದೆ. ಅಧಿಸೂಚನೆ ಪ್ರತಿ ವರ್ಷವೂ ಬಂದೇ ಬರುತ್ತದೆಂದು ನಂಬಿ ಕೂರುವಂತಿಲ್ಲ. ‘ಈ ಸಲ ಬಿಟ್ಟರೆ ಬರುವ ಸಲ’ ಎಂದವನ ವಯಸ್ಸು ಸುಮ್ಮನೆ ಮೀರಿಹೋಗುತ್ತದೆ.

ಎರಡನೆಯದು ಠಾಣಾಧಿಕಾರಿ, ಅಂದರೆ ಸ್ಟೇಷನ್ ಆಫೀಸರ್ ಹುದ್ದೆ. ಇದಕ್ಕೆ ಪದವಿ ಬೇಕು. 2023ರಲ್ಲಿ ಇದೇ ಮಂಡಳಿಯು ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳೊಡನೆ 129 ಠಾಣಾಧಿಕಾರಿ ಹುದ್ದೆಗಳಿಗೂ ಅರ್ಜಿ ಕರೆದಿತ್ತು.

ಮೂರನೆಯದು ಜಿಲ್ಲಾ ಅಧಿಕಾರಿಯ ಹುದ್ದೆ. ತಮಿಳುನಾಡು ಲೋಕಸೇವಾ ಆಯೋಗದ ಗ್ರೂಪ್ 1 ಪರೀಕ್ಷೆಯ ಮೂಲಕ, ಡೆಪ್ಯುಟಿ ಕಲೆಕ್ಟರ್, ಡಿವೈಎಸ್‌ಪಿ ಹುದ್ದೆಗಳ ಸಾಲಿನಲ್ಲಿಯೇ ಇದನ್ನೂ ತುಂಬುತ್ತಾರೆ. ಫೈರ್‌ಮನ್ ಆಗಿ ಸೇರಿದವನು ಲೀಡಿಂಗ್ ಫೈರ್‌ಮನ್, ಠಾಣಾಧಿಕಾರಿ ಎಂದು ಬಡ್ತಿಯಿಂದ ಏರುವ ದಾರಿಯೂ ಉಂಟು. ಸೇವೆಯಲ್ಲಿದ್ದುಕೊಂಡೇ ಪದವಿ ಮುಗಿಸಿದವರಿಗೆ ಮೇಲಿನ ಪರೀಕ್ಷೆಗಳ ಬಾಗಿಲೂ ತೆರೆಯುತ್ತದೆ.

ಅರ್ಹತೆಯ ಅಳತೆಗೋಲು

ಮುಂದೆ ಹೇಳುವ ವಿವರಗಳು ಫೈರ್‌ಮನ್ ಹುದ್ದೆಗೆ ಸಂಬಂಧಿಸಿದವು. ಇತ್ತೀಚಿನ ಅಧಿಸೂಚನೆಗಳಲ್ಲಿ ಇವು ಹೀಗಿವೆ. ಅರ್ಜಿ ಹಾಕುವ ವರ್ಷದ ಅಧಿಸೂಚನೆಯೊಡನೆ ಒಮ್ಮೆ ತಾಳೆ ನೋಡಿಕೊಳ್ಳುವುದು ಕ್ಷೇಮ.

ವಿದ್ಯಾರ್ಹತೆ: ಹತ್ತನೆಯ ತರಗತಿ ತೇರ್ಗಡೆ. ಪದವೀಧರರೂ ದೊಡ್ಡ ಸಂಖ್ಯೆಯಲ್ಲಿ ಸ್ಪರ್ಧಿಸುತ್ತಾರೆ ಎಂಬುದು ನೆನಪಿರಲಿ.

ವಯಸ್ಸು: 18 ತುಂಬಿರಬೇಕು. ಗರಿಷ್ಠ ಮಿತಿ ಸಾಮಾನ್ಯ ವರ್ಗಕ್ಕೆ 26, ಹಿಂದುಳಿದ ಹಾಗೂ ಅತಿ ಹಿಂದುಳಿದ ವರ್ಗಗಳಿಗೆ 28, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ 31. ಮಾಜಿ ಸೈನಿಕರಿಗೆ ಇನ್ನೂ ಹೆಚ್ಚಿನ ಸಡಿಲಿಕೆಯಿದೆ.

ಎತ್ತರ: ಸಾಮಾನ್ಯ, ಹಿಂದುಳಿದ ಮತ್ತು ಅತಿ ಹಿಂದುಳಿದ ವರ್ಗದ ಪುರುಷರಿಗೆ 170 ಸೆಂಟಿಮೀಟರ್, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 167.

ಎದೆಯ ಸುತ್ತಳತೆ: ಸಾಮಾನ್ಯ ಸ್ಥಿತಿಯಲ್ಲಿ 81 ಸೆಂಟಿಮೀಟರ್, ಉಸಿರೆಳೆದಾಗ 5 ಸೆಂಟಿಮೀಟರ್ ಹಿಗ್ಗಬೇಕು.

ನಾವು ಕೊಡುವ ಮೊದಲ ಸಲಹೆ ಬಹಳ ಸರಳ. ಪುಸ್ತಕ ಕೊಳ್ಳುವ ಮೊದಲು, ತರಬೇತಿ ಕೇಂದ್ರಕ್ಕೆ ಶುಲ್ಕ ಕಟ್ಟುವ ಮೊದಲು, ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು ಎತ್ತರ ಅಳೆಯಿರಿ. ಎದೆಯ ಹಿಗ್ಗುವಿಕೆಯನ್ನು ಅಭ್ಯಾಸದಿಂದ ಗಳಿಸಬಹುದು, ಎತ್ತರವನ್ನು ಗಳಿಸಲಾಗದು. ಅಂತೆಯೇ ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಬಣ್ಣಗುರುಡು, ಚಪ್ಪಟೆ ಪಾದ, ಮಂಡಿ ತಾಗುವ ಕಾಲು ಮುಂತಾದ ದೋಷಗಳು ಸಮವಸ್ತ್ರ ಸೇವೆಗಳ ವೈದ್ಯಕೀಯ ತಪಾಸಣೆಯಲ್ಲಿ ಅಡ್ಡಿಯಾಗುತ್ತವೆ. ಎರಡು ವರ್ಷ ಓಡಿ ಬೆವರು ಹರಿಸಿದ ಬಳಿಕ ಇದು ತಿಳಿದರೆ ಆಗುವ ನೋವು ದೊಡ್ಡದು.

ಭಾಷೆಯ ಪ್ರಶ್ನೆ

‘ನಾವು ಕನ್ನಡ ಮನೆಯವರು, ನಮಗೆ ಈ ಕೆಲಸ ಸಿಗುತ್ತದೆಯೇ?’ ಎಂಬ ಅಳುಕು ಹಲವರಿಗಿದೆ. ಸಿಗುತ್ತದೆ. ಮನೆಮಾತು ಯಾವುದೆಂಬುದು ಅರ್ಹತೆಯ ಪ್ರಶ್ನೆಯೇ ಅಲ್ಲ. ಆದರೆ ತಮಿಳಿನ ಓದುಬರಹ ಬೇಕೇ ಬೇಕು.

ಲಿಖಿತ ಪರೀಕ್ಷೆಯ ಮೊದಲ ಭಾಗ ತಮಿಳು ಭಾಷಾ ಅರ್ಹತಾ ಪರೀಕ್ಷೆ. 80 ಪ್ರಶ್ನೆಗಳು, 80 ಅಂಕಗಳು. ಶೇಕಡಾ 40, ಅಂದರೆ 32 ಅಂಕ ಬಾರದಿದ್ದರೆ ಎರಡನೆಯ ಭಾಗದ ಉತ್ತರಪತ್ರಿಕೆಯನ್ನು ನೋಡುವುದೇ ಇಲ್ಲ. ಈ ಅಂಕಗಳು ಅಂತಿಮ ಪಟ್ಟಿಗೆ ಸೇರುವುದಿಲ್ಲ. ಬಾಗಿಲು ದಾಟಿಸುವುದಷ್ಟೇ ಅವುಗಳ ಕೆಲಸ. ವೇದಸಂದೂರು, ಕಂಬಂ ಕಡೆಯ ನಮ್ಮ ಮಕ್ಕಳು ತಮಿಳು ಮಾಧ್ಯಮದಲ್ಲಿಯೇ ಓದಿದವರಾದ್ದರಿಂದ ಅವರಿಗೆ ಇದು ಹೊರೆಯಾಗದು. ತಾಳವಾಡಿ, ಹೊಸೂರು ಭಾಗಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ಮಾತ್ರ ಇದಕ್ಕೆಂದೇ ಪ್ರತ್ಯೇಕವಾಗಿ ಸಿದ್ಧರಾಗಬೇಕು. ಹತ್ತನೆಯ ತರಗತಿಯವರೆಗಿನ ತಮಿಳು ಪಠ್ಯಪುಸ್ತಕಗಳ ವ್ಯಾಕರಣ ಮತ್ತು ಸಾಹಿತ್ಯ ಭಾಗವನ್ನು ಮೊದಲಿನಿಂದ ಓದಿಕೊಳ್ಳುವುದು ಅನಿವಾರ್ಯ.

ಇಲ್ಲಿಯೇ ನಮ್ಮ ಸೀಮೆಯವರಿಗೆ ಅನುಕೂಲವಾಗುವ, ಆದರೆ ಎಲ್ಲರ ಗಮನಕ್ಕೂ ಬಾರದ ಸಂಗತಿಯೊಂದಿದೆ. ತಮಿಳು ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 20 ಆದ್ಯತೆ ನೀಡುವ ಕಾಯ್ದೆ 2010ರಿಂದ ಜಾರಿಯಲ್ಲಿದೆ. ಇದಕ್ಕೆ ಬೇಕಾದುದು ಓದಿದ ಮಾಧ್ಯಮದ ಪ್ರಮಾಣಪತ್ರ. ಮನೆಮಾತನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಒಂದನೆಯ ತರಗತಿಯಿಂದ ಹತ್ತನೆಯವರೆಗೂ ತಮಿಳು ಮಾಧ್ಯಮದಲ್ಲಿ ಓದಿದ ಕನ್ನಡ ಮನೆಯ ಹುಡುಗನೂ ಇದಕ್ಕೆ ಹಕ್ಕುದಾರನೇ. ಓದಿದ ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರಿಂದಲೂ ನಿಗದಿತ ನಮೂನೆಯಲ್ಲಿ ಈ ಪ್ರಮಾಣಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳಬೇಕು.

ಪರೀಕ್ಷೆಯ ಮೆಟ್ಟಿಲುಗಳು

ಅಂತಿಮ ಆಯ್ಕೆ 100 ಅಂಕಗಳ ಮೇಲೆ ನಡೆಯುತ್ತದೆ: ಲಿಖಿತ ಪರೀಕ್ಷೆಗೆ 70, ದೈಹಿಕ ಸಾಮರ್ಥ್ಯಕ್ಕೆ 24, ವಿಶೇಷ ಅಂಕಗಳು 6.

ಲಿಖಿತ ಪರೀಕ್ಷೆಯ ಎರಡನೆಯ ಭಾಗದಲ್ಲಿ ಸಾಮಾನ್ಯ ಜ್ಞಾನಕ್ಕೆ 45 ಅಂಕ, ಮನಃಶಾಸ್ತ್ರ ವಿಭಾಗಕ್ಕೆ 25. ಮನಃಶಾಸ್ತ್ರವೆಂಬ ಹೆಸರಿಗೆ ಅಂಜಬೇಕಿಲ್ಲ. ತರ್ಕ, ಸರಳ ಲೆಕ್ಕ, ಮಾಹಿತಿಯನ್ನು ಗ್ರಹಿಸಿ ಉತ್ತರಿಸುವ ಪ್ರಶ್ನೆಗಳು ಅಲ್ಲಿರುತ್ತವೆ. ಸಾಮಾನ್ಯ ಜ್ಞಾನಕ್ಕೆ ರಾಜ್ಯ ಪಠ್ಯಕ್ರಮದ ಆರರಿಂದ ಹತ್ತನೆಯ ತರಗತಿಯವರೆಗಿನ ವಿಜ್ಞಾನ ಮತ್ತು ಸಮಾಜ ವಿಜ್ಞಾನ ಪುಸ್ತಕಗಳೇ ಗಟ್ಟಿಯಾದ ಬುನಾದಿ. ಅವು ಮನೆಯ ಅಟ್ಟದ ಮೇಲೆಯೇ ಇರುತ್ತವೆ, ಇಲ್ಲವೇ ನೆರೆಮನೆಯಲ್ಲಿ ಸಿಗುತ್ತವೆ.

ಲಿಖಿತ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ದೇಹದ ಅಳತೆ ನಡೆಯುತ್ತದೆ. ಬಳಿಕ ಸಹಿಷ್ಣುತೆಯ ಪರೀಕ್ಷೆ: 1,500 ಮೀಟರನ್ನು 7 ನಿಮಿಷದೊಳಗೆ ಓಡಬೇಕು. ಇದರಲ್ಲಿ ಅಂಕವಿಲ್ಲ, ಗೆಲುವು ಅಥವಾ ಸೋಲು ಮಾತ್ರ. ಗೆದ್ದವರಿಗೆ ಮುಂದಿನ ಮೂರು ಸ್ಪರ್ಧೆಗಳು. ಪ್ರತಿಯೊಂದರಲ್ಲೂ ಒಂದು ನಕ್ಷತ್ರ, ಎರಡು ನಕ್ಷತ್ರ ಎಂಬ ಎರಡು ಮಟ್ಟಗಳಿದ್ದು, ಅದಕ್ಕೆ ತಕ್ಕಂತೆ ಅಂಕ ದೊರೆಯುತ್ತದೆ.

ಹಗ್ಗ ಏರುವುದು: ಒಂದು ನಕ್ಷತ್ರಕ್ಕೆ 5 ಮೀಟರ್, ಎರಡಕ್ಕೆ 6 ಮೀಟರ್.

ಉದ್ದ ಜಿಗಿತ ಅಥವಾ ಎತ್ತರ ಜಿಗಿತ: ಉದ್ದ ಜಿಗಿತದಲ್ಲಿ 3.80 ಮೀಟರಿಗೆ ಒಂದು ನಕ್ಷತ್ರ, 4.50ಕ್ಕೆ ಎರಡು, ಎತ್ತರ ಜಿಗಿತದಲ್ಲಿ 1.20 ಮೀಟರಿಗೆ ಒಂದು, 1.40ಕ್ಕೆ ಎರಡು.

100 ಅಥವಾ 400 ಮೀಟರ್ ಓಟ: 100 ಮೀಟರನ್ನು 15 ಸೆಕೆಂಡಿನಲ್ಲಿ ಓಡಿದರೆ ಒಂದು, 13.5ರಲ್ಲಿ ಓಡಿದರೆ ಎರಡು. 400 ಮೀಟರಿಗೆ ಕ್ರಮವಾಗಿ 80 ಮತ್ತು 70 ಸೆಕೆಂಡು.

ವಿಶೇಷ ಅಂಕಗಳು ಎನ್‌ಸಿಸಿ, ಎನ್‌ಎಸ್‌ಎಸ್ ಮತ್ತು ಕ್ರೀಡಾ ಪ್ರಮಾಣಪತ್ರಗಳಿಗೆ ಮೀಸಲು. ಒಂದೊಂದಕ್ಕೂ ಗರಿಷ್ಠ 2. ಅರ್ಧ ಅಂಕದ ಅಂತರದಲ್ಲಿ ಹುದ್ದೆ ಕೈತಪ್ಪುವ ಪರೀಕ್ಷೆಯಲ್ಲಿ 6 ಅಂಕ ಸಣ್ಣದಲ್ಲ. ಆದ್ದರಿಂದ ಹೈಸ್ಕೂಲಿನಲ್ಲಿರುವ ಮಕ್ಕಳು ಈಗಲೇ ಎನ್‌ಸಿಸಿಗೆ ಸೇರುವುದು ಜಾಣತನ. ಆಮೇಲೆ ಬೇಕೆಂದರೂ ಅದು ಸಿಗದು.

ಸಿದ್ಧತೆಯ ಕ್ರಮ

7 ನಿಮಿಷದಲ್ಲಿ 1,500 ಮೀಟರ್ ಎಂದರೆ 400 ಮೀಟರಿನ ಪ್ರತಿ ಸುತ್ತಿಗೆ 1 ನಿಮಿಷ 52 ಸೆಕೆಂಡು. ಆರೋಗ್ಯವಂತ ಯುವಕನಿಗೆ ಇದು ಅಸಾಧ್ಯವಲ್ಲ. ಆದರೆ ಅಭ್ಯಾಸವಿಲ್ಲದವನು ಮೊದಲ ಸುತ್ತನ್ನು ಅತಿ ವೇಗವಾಗಿ ಓಡಿ ಮೂರನೆಯದರಲ್ಲಿ ಕುಸಿಯುತ್ತಾನೆ. ಮೊದಲ ತಿಂಗಳು ವೇಗದ ಗೊಡವೆ ಬೇಡ. ವಾರಕ್ಕೆ ನಾಲ್ಕೈದು ದಿನ ನಿಧಾನವಾಗಿ 3 ಕಿಲೋಮೀಟರ್ ಓಡಿ. ಎರಡನೆಯ ತಿಂಗಳಿನಿಂದ ಗಡಿಯಾರ ಹಿಡಿದು, ಎಲ್ಲ ಸುತ್ತುಗಳೂ ಒಂದೇ ಸಮನಾಗಿ ಬರುವಂತೆ ಓಡಿ. ಆರು ನಿಮಿಷದ ಆಸುಪಾಸಿಗೆ ಬಂದಾಗ ಮಾತ್ರ ಸಿದ್ಧರಾದೆವೆಂದು ತಿಳಿಯಿರಿ. ಪರೀಕ್ಷೆಯ ದಿನದ ಬಿಸಿಲು, ಗಾಬರಿಗಳಿಗೆ ಸ್ವಲ್ಪ ಸಮಯ ಕೈಯಲ್ಲಿರಬೇಕು.

ಹೆಚ್ಚಿನವರು ಸೋಲುವುದು ಹಗ್ಗದಲ್ಲಿ. ಕಾರಣ ಸ್ಪಷ್ಟ: ಓಡಲು ಎಲ್ಲೆಡೆ ಜಾಗವಿದೆ, ಏರಲು ಹಗ್ಗವಿಲ್ಲ. ಊರಿನ ನಾಲ್ಕು ಹುಡುಗರು ಸೇರಿ ಗಟ್ಟಿ ಕೊಂಬೆಯ ಹುಣಸೆ ಮರಕ್ಕೆ ದಪ್ಪ ಹಗ್ಗ ಕಟ್ಟಿ, ಕೆಳಗೆ ಮರಳು ಹಾಕಿ, ಒಬ್ಬರನ್ನೊಬ್ಬರು ನೋಡಿಕೊಂಡು ಅಭ್ಯಾಸ ಮಾಡಬಹುದು. ಒಬ್ಬರೇ ಏರುವುದು ಬೇಡ. ಮೊದಲು ಕಂಬಿಗೆ ಜೋತು ದೇಹವನ್ನು ಮೇಲೆಳೆಯುವ ಪುಲ್-ಅಪ್ ಎಂಟು ಹತ್ತು ಬರಲಿ. ಬಳಿಕ ಹಗ್ಗ ತಾನಾಗಿ ಕೈಗೆ ಬರುತ್ತದೆ. ಗಿರಣಿಯಲ್ಲಿ ರಾತ್ರಿ ಪಾಳಿ ಮಾಡುವವರು ಪಾಳಿ ಮುಗಿದ ಕೂಡಲೇ ಓಡಬಾರದು. ನಿದ್ರೆ ಮಾಡಿ, ಸಂಜೆ ಅಭ್ಯಾಸ ಮಾಡುವುದು ಒಳಿತು. ಈಜು ರಾಜ್ಯದ ಈ ಪರೀಕ್ಷೆಯಲ್ಲಿ ಇಲ್ಲವಾದರೂ ಕಲಿತಿರಬೇಕು. ಬಾವಿ, ಕೆರೆಗಳ ಕರೆಗೆ ಹೋಗುವವನಿಗೆ ನೀರಿನ ಭಯ ಇರಕೂಡದು.

ದಾಖಲೆಗಳಲ್ಲಿ ಎಡವದಿರಿ

ಅರ್ಜಿ ಸಲ್ಲಿಸುವುದು ಮಂಡಳಿಯ ಜಾಲತಾಣದ ಮೂಲಕ ಮಾತ್ರ. 2023ರಲ್ಲಿ ಪರೀಕ್ಷಾ ಶುಲ್ಕ 250 ರೂಪಾಯಿ ಇತ್ತು. ಮಧ್ಯವರ್ತಿಗೆ ಇದರಲ್ಲಿ ಎಡೆಯೇ ಇಲ್ಲ. ‘ನಾನು ಸೇರಿಸುತ್ತೇನೆ’ ಎಂದು ಹಣ ಕೇಳುವವನು ಯಾರೇ ಆಗಿರಲಿ, ಮೋಸಗಾರನೆಂದೇ ತಿಳಿಯಬೇಕು.

ಜಾತಿ ಪ್ರಮಾಣಪತ್ರದಲ್ಲಿ ನಮ್ಮವರು ವಿಶೇಷ ಎಚ್ಚರ ವಹಿಸಬೇಕು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಒಕ್ಕಲಿಗರ ನಮೂದಿನಡಿ ಕಾಪಿಲಿಯರ್ ಎಂಬ ಹೆಸರೂ ಇದೆ. ಅನುಪ್ಪ ವೆಳ್ಳಾಳ ಗೌಂಡರ್, ದೇವಾಂಗರ್ ಎಂಬ ಹೆಸರುಗಳೂ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿವೆ. ಕುರುಂಬ ಎಂಬುದು ಅತಿ ಹಿಂದುಳಿದ ವರ್ಗಗಳಲ್ಲಿದೆ. ಊರಿನಲ್ಲಿ ಎಲ್ಲರನ್ನೂ ‘ಗೌಂಡರ್’ ಎಂದಷ್ಟೇ ಕರೆಯುವುದರಿಂದ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ತಹಶೀಲ್ದಾರರ ಪ್ರಮಾಣಪತ್ರದಲ್ಲಿ ಇನ್ನೊಂದು ಆಗಿಬಿಡುವ ಸಂಭವವಿದೆ. ಪಟ್ಟಿಯಲ್ಲಿರುವ ಹೆಸರೇ ಎರಡರಲ್ಲಿಯೂ ಇರುವಂತೆ ಇ-ಸೇವೈ ಕೇಂದ್ರದ ಮೂಲಕ ಅರ್ಜಿ ಹಾಕಿ ಮೊದಲೇ ಸರಿಪಡಿಸಿಕೊಳ್ಳಿ. ಜನ್ಮದಿನಾಂಕ, ತಂದೆಯ ಹೆಸರು, ಇನಿಷಿಯಲ್ ಎಲ್ಲ ದಾಖಲೆಗಳಲ್ಲಿ ಒಂದೇ ರೀತಿ ಇರಲಿ.

ಆಯ್ಕೆಯಾದವರ ಪೂರ್ವಚರಿತ್ರೆಯನ್ನು ಪೊಲೀಸರು ಪರಿಶೀಲಿಸುತ್ತಾರೆ. ಜಾತ್ರೆಯ ಜಗಳದಲ್ಲಿ ದಾಖಲಾದ ಸಣ್ಣ ಮೊಕದ್ದಮೆಯೂ ಇಲ್ಲಿ ದೊಡ್ಡ ಅಡ್ಡಿಯಾಗಬಲ್ಲದು. ಅದನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಇನ್ನೂ ದೊಡ್ಡ ತಪ್ಪಾಗುತ್ತದೆ.

ಡಿಪ್ಲೊಮಾ ಬೇಕೇ?

ಇಲ್ಲಿ ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ. ‘ಫೈರ್ ಅಂಡ್ ಸೇಫ್ಟಿ’ ಎಂಬ ಹೆಸರಿನಲ್ಲಿ ಆರು ತಿಂಗಳ, ಒಂದು ವರ್ಷದ ಖಾಸಗಿ ಕೋರ್ಸುಗಳು ಹಲವಿವೆ. ರಾಜ್ಯದ ಫೈರ್‌ಮನ್ ಹುದ್ದೆಗೆ ಇವು ಬೇಕಿಲ್ಲ. ಇವಕ್ಕೆ ಒಂದು ಅಂಕವೂ ಇಲ್ಲ. ಕಾರ್ಖಾನೆ, ಗಿರಣಿಗಳ ಸುರಕ್ಷತಾ ವಿಭಾಗದ ಕೆಲಸಕ್ಕೆ ಅಥವಾ ಕೊಲ್ಲಿ ದೇಶಗಳ ಕೆಲಸಕ್ಕೆ ಹೋಗಬೇಕೆನ್ನುವವರಿಗೆ ಇಂತಹ ಓದು ಉಪಯೋಗವಾಗಬಹುದು; ಆಗಲೂ ಪ್ರಮಾಣಪತ್ರಕ್ಕೆ ಯಾರ ಮಾನ್ಯತೆಯಿದೆ ಎಂಬುದನ್ನು ವಿಚಾರಿಸಿಯೇ ಸೇರಬೇಕು. ಸರ್ಕಾರಿ ಹುದ್ದೆ ಖಚಿತವೆಂಬ ಮಾತನ್ನು ನಂಬಿ ಒಡವೆ ಅಡವಿಟ್ಟು ಶುಲ್ಕ ಕಟ್ಟಬೇಡಿ.

ಈ ವಿದ್ಯೆಯನ್ನು ಆಳವಾಗಿ ಕಲಿಯಬಯಸುವವರಿಗೆ ದೇಶದ ಪ್ರಮುಖ ಸಂಸ್ಥೆ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು. 1956ರಲ್ಲಿ ಆರಂಭವಾದ ಈ ಸಂಸ್ಥೆ ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿದೆ. ಸಬ್ ಆಫೀಸರ್ ಮುಂತಾದ ವೃತ್ತಿ ಕೋರ್ಸುಗಳೂ ಅಗ್ನಿ ಎಂಜಿನಿಯರಿಂಗ್ ಪದವಿಯೂ ಅಲ್ಲಿವೆ. ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಸುರಕ್ಷತೆ ಮತ್ತು ಅಗ್ನಿ ಎಂಜಿನಿಯರಿಂಗ್‌ನ ಬಿ.ಟೆಕ್ ಇದೆ.

ರಾಜ್ಯದ ಹೊರಗಿನ ದಾರಿಗಳು

ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಅಗ್ನಿ ವಿಭಾಗದಲ್ಲಿ ಕಾನ್‌ಸ್ಟೆಬಲ್ ಹುದ್ದೆಗೆ ವಿಜ್ಞಾನ ವಿಷಯದಲ್ಲಿ ಹನ್ನೆರಡನೆಯ ತರಗತಿ ತೇರ್ಗಡೆಯಾಗಿರಬೇಕು. ವಯಸ್ಸು 18ರಿಂದ 23. 5 ಕಿಲೋಮೀಟರನ್ನು 24 ನಿಮಿಷದಲ್ಲಿ ಓಡಬೇಕು. 2024ರಲ್ಲಿ 1,130 ಹುದ್ದೆಗಳಿಗೆ ಅರ್ಜಿ ಕರೆಯಲಾಗಿತ್ತು.

ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಅಗ್ನಿಶಾಮಕ ಸೇವೆಗೆ ಜೂನಿಯರ್ ಅಸಿಸ್ಟೆಂಟರನ್ನು ನೇಮಿಸಿಕೊಳ್ಳುತ್ತದೆ. ಹನ್ನೆರಡನೆಯ ತರಗತಿ, ಇಲ್ಲವೇ ಮೆಕ್ಯಾನಿಕಲ್, ಆಟೊಮೊಬೈಲ್ ಅಥವಾ ಅಗ್ನಿ ವಿಷಯದ ಡಿಪ್ಲೊಮಾ ಜೊತೆಗೆ ವಾಹನ ಚಾಲನಾ ಪರವಾನಗಿ ಬೇಕು. ಪುರುಷರ ಎತ್ತರ 167 ಸೆಂಟಿಮೀಟರ್ ಸಾಕು. 170 ಮುಟ್ಟದವರು ಇದನ್ನು ಗಮನಿಸಬೇಕು.

ಕಾಸರಗೋಡಿನ ಓದುಗರಿಗಾಗಿ ಒಂದು ಮಾತು. ಕೇರಳದಲ್ಲಿ ಈ ನೇಮಕಾತಿ ಲೋಕಸೇವಾ ಆಯೋಗದ ಮೂಲಕ ನಡೆಯುತ್ತದೆ. ಹನ್ನೆರಡನೆಯ ತರಗತಿ ಕನಿಷ್ಠ ಅರ್ಹತೆ. ಈಜು ಪರೀಕ್ಷೆಯೂ ಉಂಟು. ಕರ್ನಾಟಕದಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ನೇಮಕಾತಿ ನಡೆಸುತ್ತದೆ, ಬೆಂಗಳೂರಿನ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ ತರಬೇತಿ. ಅಲ್ಲಿಗೆ ಹೋಗಬೇಕೆನ್ನುವ ನಮ್ಮ ಮಕ್ಕಳು ಮನೆಮಾತಾದ ಕನ್ನಡವನ್ನು ಓದಲು ಬರೆಯಲು ಕಲಿಯಲೇಬೇಕು.

ಹೆಣ್ಣುಮಕ್ಕಳಿಗೆ

ಮೇಲೆ ಹೇಳಿದ ಫೈರ್‌ಮನ್ ಹುದ್ದೆಗಳನ್ನು ತಮಿಳುನಾಡು ಇದುವರೆಗೆ ಪುರುಷರಿಗೆಂದೇ ಪ್ರಕಟಿಸಿದೆ. ಅಧಿಕಾರಿ ಹಂತದಲ್ಲಿ ಮಾತ್ರ ಬಾಗಿಲು ಬಹಳ ಹಿಂದೆಯೇ ತೆರೆದಿದೆ. 2003ರಲ್ಲಿ ಗ್ರೂಪ್ 1 ಪರೀಕ್ಷೆಯ ಮೂಲಕ ಪ್ರಿಯಾ ರವಿಚಂದ್ರನ್ ಮತ್ತು ಮೀನಾಕ್ಷಿ ವಿಜಯಕುಮಾರ್ ಅಗ್ನಿಶಾಮಕ ಅಧಿಕಾರಿಗಳಾಗಿ ಸೇರಿದರು. 2012ರ ಜನವರಿಯಲ್ಲಿ ಚೆನ್ನೈನ ಎಳಿಲಗಂ ಆವರಣದ ಹಳೆಯ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಪ್ರಿಯಾ ಅವರು ಒಳಗೆ ಹೋಗಿ ತೀವ್ರವಾಗಿ ಗಾಯಗೊಂಡರು. ಆ ಕಾರ್ಯಾಚರಣೆಯಲ್ಲಿ ಒಬ್ಬ ಸಿಬ್ಬಂದಿ ಪ್ರಾಣ ತೆತ್ತರು. ಕೇರಳದಲ್ಲಿ ಈಗ ಮಹಿಳೆಯರನ್ನು ಫೈರ್ ಆಫೀಸರ್ ಹಂತಕ್ಕೂ ಸೇರಿಸಿಕೊಳ್ಳುತ್ತಿದ್ದಾರೆ. ವಿಮಾನ ನಿಲ್ದಾಣಗಳ ಸೇವೆಗೂ ಮಹಿಳೆಯರು ಅರ್ಜಿ ಹಾಕಬಹುದು. ಪದವಿ ಓದುತ್ತಿರುವ ನಮ್ಮ ಹೆಣ್ಣುಮಕ್ಕಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ.

ಸೇರಿದ ಮೇಲೆ

ಆಯ್ಕೆಯಾದವರಿಗೆ ಇಲಾಖೆಯೇ ತರಬೇತಿ ಕೊಡುತ್ತದೆ. ರಾಜ್ಯ ತರಬೇತಿ ಕೇಂದ್ರ ಚೆನ್ನೈ ಬಳಿಯ ತಾಂಬರಂನಲ್ಲಿದೆ. ಕವಾಯತು, ನೀರಿನ ಹೋಸ್ ಹಾಸುವುದು, ಏಣಿ, ಪಂಪು, ಹಗ್ಗದ ಗಂಟುಗಳು, ಪ್ರಥಮ ಚಿಕಿತ್ಸೆ, ಉಸಿರಾಟದ ಉಪಕರಣ, ಪ್ರಜ್ಞೆ ತಪ್ಪಿದವರನ್ನು ಹೊತ್ತು ಇಳಿಸುವುದು: ಇವೆಲ್ಲ ಕೈಗೆ ಹತ್ತುವವರೆಗೆ ಮಾಡಿಸುತ್ತಾರೆ. ಅಧಿಸೂಚನೆಯಂತೆ ವೇತನಶ್ರೇಣಿ 18,200ರಿಂದ 67,100 ರೂಪಾಯಿ; ಭತ್ಯೆಗಳು ಪ್ರತ್ಯೇಕ. ಹಬ್ಬದ ದಿನ ರಜೆ ಸಿಗುವುದೆಂದು ಮಾತ್ರ ಎಣಿಸಬೇಡಿ. ದೀಪಾವಳಿಯ ರಾತ್ರಿ ಊರೆಲ್ಲ ಪಟಾಕಿ ಹಚ್ಚುವಾಗ ಠಾಣೆಯವರು ಬೂಟು ಬಿಚ್ಚುವುದಿಲ್ಲ.

2020ರ ದೀಪಾವಳಿಯ ಸಮಯದಲ್ಲಿ ಮದುರೈಯ ಹಳೆಯ ಕಟ್ಟಡವೊಂದರಲ್ಲಿದ್ದ ಬಟ್ಟೆ ಅಂಗಡಿಗೆ ಬೆಂಕಿ ಬಿತ್ತು. ಅದನ್ನು ನಂದಿಸುತ್ತಿದ್ದಾಗ ಕಟ್ಟಡ ಕುಸಿದು ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಮೃತಪಟ್ಟರು. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಿಸಿ 66 ಮಂದಿ ಅಗ್ನಿಶಾಮಕರು ಮಡಿದ ನೆನಪಿಗೆ ಇಂದಿಗೂ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರ ಠಾಣೆಗಳು ಸಾರ್ವಜನಿಕರಿಗೆ ಪ್ರಾತ್ಯಕ್ಷಿಕೆ ತೋರಿಸುತ್ತವೆ. ವೇದಸಂದೂರಿನಲ್ಲಿಯೇ ಅಗ್ನಿಶಾಮಕ ಠಾಣೆಯಿದೆ. ಆಸಕ್ತ ಯುವಕರು ಆಗ ಅಲ್ಲಿಗೆ ಹೋಗಿ, ವಾಹನ ನೋಡಿ, ಸಿಬ್ಬಂದಿಯೊಡನೆ ಮಾತನಾಡಿ, ಈ ಬದುಕು ತಮಗೆ ಒಗ್ಗುವುದೇ ಎಂದು ತಾವೇ ತೀರ್ಮಾನಿಸಲಿ.

ಕೊನೆಯದಾಗಿ ಒಂದು ಮಾತು. ಆಳದ ಬಾವಿಯಲ್ಲಿ ಕಾಲು ಮುರಿದು ಬಿದ್ದ ಮುದುಕಿ ಕೂಗುವುದು ತನ್ನ ಮನೆಮಾತಿನಲ್ಲಿ. ಹಗ್ಗ ಹಿಡಿದು ಇಳಿಯುವವನು ಅದೇ ಮಾತಿನಲ್ಲಿ ‘ಹೆದರಬೇಡ ಅವ್ವ, ಬಂದೆ’ ಎಂದರೆ ಅವಳಿಗೆ ಬರುವ ಧೈರ್ಯವೇ ಬೇರೆ. ನಮ್ಮ ಊರುಗಳ ಠಾಣೆಗಳಲ್ಲಿ ತಮಿಳೂ ಕನ್ನಡವೂ ಬಲ್ಲ ಹುಡುಗರು ಇರಲಿ ಎಂಬುದು ನಮ್ಮ ಆಸೆ. ಹಾಗಾಗಿ ಮುಂದಿನ ಅಧಿಸೂಚನೆ ಬರುವವರೆಗೆ ಕಾಯದೆ ಇಂದೇ ಎತ್ತರ ಅಳೆಯಿರಿ, ಪ್ರಮಾಣಪತ್ರಗಳನ್ನು ಒಟ್ಟುಗೂಡಿಸಿರಿ, ನಾಳೆ ಬೆಳಗ್ಗೆ ಓಡಲು ಆರಂಭಿಸಿರಿ.